ತಂತಿ ಮಾತು: ಮಗುವಿನ ಬೆರಳಿಗೆ ತಕ್ಕ ಹಾಳೆ

ನನ್ನ ಹತ್ತಿರ ಪಿಟೀಲು ಕಲಿಯಲು ಬರುವ ಮಕ್ಕಳಿಗೆ ಮೊದಲ ವರ್ಷ ಪುಸ್ತಕ ಕೊಡುವುದಿಲ್ಲ, ಕೈಯಲ್ಲಿ ಬರೆದ ಪಾಠದ ಹಾಳೆ ಕೊಡುತ್ತೇನೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅಷ್ಟು ಹೇಳಿದ್ದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವು ಪತ್ರಗಳು ಉದ್ದ ಇದ್ದವು, ಚಿಕ್ಕದು ಮಾಡಿದ್ದೇನೆ. ಸರಸ್ವತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ 31 ವರ್ಷದಿಂದ ಕಲಿಸುತ್ತಿದ್ದೇನೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ನಾನು ಸಂಗೀತದ ಸೀನಿಯರ್ ಪರೀಕ್ಷೆ ಪಾಸ್ ಮಾಡಿದ್ದೇನೆ. ಮನೆಗೆ ಐದು ಮಕ್ಕಳು ಪಿಟೀಲಿಗೆ ಬರುತ್ತಾರೆ, ಏಳರಿಂದ ಹತ್ತು ವರ್ಷದವರು. ಸರಿಗಮದ ಮೊದಲ ಪಾಠ ಸರಳೆ ವರಸೆ ಚೆನ್ನಾಗಿಯೇ ನುಡಿಸಿದರು. ಮೊದಲ ಗೀತೆ ಶುರು ಮಾಡಿದ ಕೂಡಲೇ ಐದು ಜನವೂ ನಿಂತುಬಿಟ್ಟರು. ತಪ್ಪು ನನ್ನದಾ, ಪುಸ್ತಕದ್ದಾ? ಪಾಠ ನಾನೇ ಬರೆಯಬೇಕಾ ಮೇಡಂ? – ಶಿಕ್ಷಕಿ, ಮಂಡ್ಯ

ತಪ್ಪು ನಿಮ್ಮದೂ ಅಲ್ಲ, ಪುಸ್ತಕದ್ದೂ ಅಲ್ಲ. ಮಕ್ಕಳು ಎಲ್ಲಿ ನಿಂತರು ಅಂತ ಸ್ವಲ್ಪ ನೋಡೋಣ.

ಮೊದಲ ಗೀತೆ ಅಂದರೆ ಮಲಹರಿ ರಾಗದ ಪಿಳ್ಳಾರಿ ಗೀತೆ, ‘ಶ್ರೀ ಗಣನಾಥ’. ಮೊದಲ ಆವರ್ತ, ಅಂದರೆ ತಾಳದ ಮೊದಲ ಸುತ್ತು, ಹೀಗಿದೆ: ಮ ಪ, ದ ಸ ಸ ರಿ. ಕೊನೆಯಲ್ಲಿರುವುದು ತಾರ ಸ್ಥಾಯಿಯ ರಿಷಭ, ಅಂದರೆ ಮೇಲಿನ ಸ ದಾಟಿದ ರಿ. ಹಾಡುವ ಮಗುವಿಗೆ ಅದು ಒಂದು ಮೆಟ್ಟಿಲು ಮೇಲೆ, ಅಷ್ಟೇ. ಪಿಟೀಲಿನಲ್ಲಿ ಹಾಗಲ್ಲ. ಪಂಚಮದ, ಅಂದರೆ ಪ ತಂತಿಯಲ್ಲಿ ಉಂಗುರದ ಬೆರಳು ಮೇಲಿನ ಸ ಹಿಡಿದಿರುತ್ತದೆ. ರಿ ಬೇಕು ಅಂದರೆ ಕಿರುಬೆರಳು ಇಡಬೇಕು. ಸರಳೆ ವರಸೆ ಮೇಲಿನ ಸ ದಾಟುವುದೇ ಇಲ್ಲ. ಹಾಗಾಗಿ ಅಲ್ಲಿಯವರೆಗೆ ಮಗು ಕಿರುಬೆರಳನ್ನು ಒಮ್ಮೆಯೂ ಬಳಸಿರುವುದಿಲ್ಲ. ಈಗ ಒಂದೇ ಸಲಕ್ಕೆ ಹೊಸ ರಾಗ, ಹೊಸ ತಾಳ, ಸಾಹಿತ್ಯ, ಜೊತೆಗೆ ಕೈಯಲ್ಲೇ ಅತಿ ಸೋತ ಬೆರಳು. ನಾಲ್ಕು ಕಷ್ಟ ಒಟ್ಟಿಗೆ ಬಂದವು. ಮಗು ನಿಲ್ಲದೆ ಇನ್ನೇನು ಮಾಡೀತು?

ಪುರಂದರದಾಸರು ಹಾಕಿಕೊಟ್ಟ ಪಾಠದ ಕ್ರಮ ಅಂತ ನಾವು ನಡೆಸಿಕೊಂಡು ಬಂದಿರುವುದು ಕಂಠಕ್ಕೆ ಹೊಂದಿದ ಕ್ರಮ. ಆಗ ನಮ್ಮ ಸಂಗೀತದಲ್ಲಿ ಪಿಟೀಲೇ ಇರಲಿಲ್ಲ. ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ತಂದು ಹೆಚ್ಚುಕಡಿಮೆ 200 ವರ್ಷ ಆಗಿದೆ, ಅಷ್ಟೇ. ಕಂಠದ ಪಾಠವನ್ನು ಬೆರಳಿಗೆ ಹೊಂದಿಸುವ ಕೆಲಸ ಮೇಷ್ಟ್ರದು. ನಮ್ಮ ಗುರುಗಳು ಅದನ್ನು ಬಾಯಲ್ಲಿ ಹೇಳಿ, ಕೈ ಹಿಡಿದು ಮಾಡುತ್ತಿದ್ದರು. ದಿನಾ ಎದುರಿಗೇ ಕೂರಿಸಿಕೊಳ್ಳುತ್ತಿದ್ದರು. ನಮಗೆ ವಾರಕ್ಕೆ ಎರಡು ಗಂಟೆ ಸಿಕ್ಕರೆ ಹೆಚ್ಚು. ಉಳಿದ ಐದು ದಿನ ಮಗುವಿನ ಜೊತೆ ಇರುವುದು ಹಾಳೆ ಮಾತ್ರ. ಅದಕ್ಕೇ ಬರೆಯಬೇಕು ಅನ್ನುತ್ತೇನೆ.

ಈ ಗೀತೆಗೆ ನಾನು ಮಾಡುವುದು ಇದು. ನಮ್ಮ ಪಿಟೀಲಿನ ಶ್ರುತಿ ದಪ್ಪ ತಂತಿಯಿಂದ ಸ–ಪ–ಸ–ಪ ಅಲ್ವಾ? ಗೀತೆಯನ್ನು ಒಂದು ಸ್ಥಾಯಿ ಕೆಳಗೆ, ಅತಿ ದಪ್ಪ ತಂತಿಯಿಂದ ಶುರು ಮಾಡಿಸಿ. ಆಗ ಮೇಲಿನ ಸ ಅನ್ನುವುದು ಮೂರನೇ ತಂತಿ, ಬೆರಳೇ ಬೇಡ. ರಿ ಅದೇ ತಂತಿಯಲ್ಲಿ ತೋರುಬೆರಳು. ಕಿರುಬೆರಳಿನ ತೊಂದರೆಯೇ ಇಲ್ಲ. ಒಂದು ಸ್ವರವನ್ನೂ ಬದಲಿಸಲಿಲ್ಲ, ಮಗುವಿನ ಕೈ ಮಾತ್ರ ಹಗುರ ಆಯಿತು. ದಪ್ಪ ತಂತಿಗೆ ಕಮಾನು ಸ್ವಲ್ಪ ಭಾರವಾಗಿ ಎಳೆಯಬೇಕು, ಅದು ಒಳ್ಳೆಯದೇ. ಮೊದಮೊದಲು ಮಕ್ಕಳು ಕಮಾನನ್ನು ತೇಲಿಸುತ್ತಾರೆ. ದಪ್ಪ ತಂತಿ ಅದನ್ನು ಸಹಿಸುವುದಿಲ್ಲ, ಸರಿಯಾಗಿ ಒತ್ತಿದರೆ ಮಾತ್ರ ದನಿ ಕೊಡುತ್ತದೆ.

ಮಲಹರಿ ಪಿಟೀಲಿನ ಮಗುವಿಗೆ ನಿಜಕ್ಕೂ ಒಳ್ಳೆಯ ರಾಗ. ಆರೋಹಣದಲ್ಲಿ ಗ ಇಲ್ಲ, ನಿ ಎಲ್ಲೂ ಇಲ್ಲ. ಸ ರಿ ಮ ಪ ದ ಸ – ಏರುವಾಗ ತೋರುಬೆರಳು, ಉಂಗುರದ ಬೆರಳು, ಎರಡೇ ಸಾಕು. ನಡುಬೆರಳು ಇಳಿಯುವಾಗ ಗ ಸ್ವರಕ್ಕೆ ಮಾತ್ರ. ಅದಕ್ಕೇ ನಾನು ಏರುವುದನ್ನು ಒಂದು ಹಾಳೆ, ಇಳಿಯುವುದನ್ನು ಇನ್ನೊಂದು ಹಾಳೆ ಮಾಡುತ್ತೇನೆ. ಒಂದು ಹಾಳೆಗೆ ಒಂದೇ ಹೊಸ ವಿಷಯ. ಎರಡನೆಯದು ನುಸುಳಿತು ಅನ್ನಿಸಿದರೆ ಹರಿದು ಮತ್ತೆ ಬರೆಯುತ್ತೇನೆ.

ಬರೆಯುವುದಕ್ಕೆ ಲೆಕ್ಕದ ಚೌಕುಳಿ ಪುಸ್ತಕ ಬಳಸಿ, ದೊಡ್ಡ ಚೌಕದ್ದು. ಒಂದು ಅಕ್ಷರ ಕಾಲಕ್ಕೆ, ಅಂದರೆ ತಾಳದ ಒಂದು ಎಣಿಕೆಗೆ, ಒಂದು ಮನೆ. ಈ ಗೀತೆಯ ರೂಪಕ ತಾಳಕ್ಕೆ ಸಾಲಿಗೆ ಆರು ಮನೆ, ಎರಡಾದ ಮೇಲೆ ಒಂದು ದಪ್ಪ ಗೆರೆ. ಆದಿ ತಾಳಕ್ಕೆ ಎಂಟು ಮನೆ, ನಾಲ್ಕು ಮತ್ತು ಆರರ ನಂತರ ಗೆರೆ. ದೀರ್ಘ ಸ್ವರಕ್ಕೆ ಪುಸ್ತಕದಲ್ಲಿ ಅಲ್ಪವಿರಾಮ ಹಾಕುತ್ತಾರೆ. ಮಗುವಿಗೆ ಅದು ಕಾಣುವುದೇ ಇಲ್ಲ. ಚೌಕುಳಿಯಲ್ಲಿ ಮನೆ ಖಾಲಿ ಬಿಟ್ಟರೆ ಆಯಿತು, ಸ್ವರ ಎಷ್ಟು ಉದ್ದ ಅಂತ ಕಣ್ಣಿಗೇ ತಿಳಿಯುತ್ತದೆ.

ಗೀತೆಯ ಮೊದಲ ಹಾಳೆಯಲ್ಲಿ ನಾನು ಸ್ವರವನ್ನೇ ಬರೆಯುವುದಿಲ್ಲ. ಬಣ್ಣ ಮಾತ್ರ. ದಪ್ಪ ತಂತಿಗೆ ಕೆಂಪು, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ನೀಲಿ. ಮೊದಲ ಸಾಲು: ಕೆಂಪು ಹಸಿರು, ಹಸಿರು ನೀಲಿ ನೀಲಿ ನೀಲಿ. ಎರಡನೆಯದು: ನೀಲಿ ನೀಲಿ, ಹಸಿರು ಹಸಿರು ಕೆಂಪು ಹಸಿರು. ಮಗು ಬಾಯಲ್ಲಿ ಗೀತೆ ಹೇಳುತ್ತಾ ಬೆರಳಿಡದೆ ಬರಿ ತಂತಿಯಲ್ಲಿ ಕಮಾನು ಆಡಿಸುತ್ತದೆ. ಎಡಗೈ ಬರುವ ಹೊತ್ತಿಗೆ ಬಲಗೈಗೆ ಯಾವ ತಂತಿಗೆ ಯಾವಾಗ ಹೋಗಬೇಕು ಅನ್ನುವುದು ಗೊತ್ತಾಗಿರುತ್ತದೆ. ಒಂದು ವಾರ ಇಷ್ಟೇ ಸಾಕು. ಮನೆಯವರು ‘ಏನಿದು, ಬರೀ ಗುಂಯ್ ಅಂತಿದೆ’ ಅಂತಾರೆ. ಅನ್ನಲಿ.

ಈಗ ಒಂದು ಎಚ್ಚರಿಕೆ. ಇದನ್ನು ನಾನು ಒಂದು ಮಗುವಿಗೆ ತೊಂದರೆ ಕೊಟ್ಟು ಕಲಿತೆ. ಕಲಿಸಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು, ಎಂಟು ವರ್ಷ, ತುಂಬಾ ಪುಟ್ಟ ಕೈ. ಮಲಹರಿಯ ರಿ ಶುದ್ಧ ರಿಷಭ, ಅಂದರೆ ಸ ಪಕ್ಕದಲ್ಲೇ ಇರುವ ತಗ್ಗಿನ ರಿ. ತೋರುಬೆರಳನ್ನು ಬಿರಡೆಯ ಕಡೆಗೆ ಹಿಂದಕ್ಕೆ ಎಳೆದು ಇಡಬೇಕು. ಅವಳಿಗೆ ಆಗುತ್ತಿರಲಿಲ್ಲ. ಬೆರಳು ಸಹಜವಾಗಿ ಬೀಳುವ ಜಾಗದಲ್ಲಿ, ಅಂದರೆ ಅದಕ್ಕಿಂತ ಎತ್ತರದ ಚತುಶ್ರುತಿ ರಿಷಭದಲ್ಲೇ, ಇಟ್ಟುಕೋ ಮಗು, ಆಮೇಲೆ ಸರಿ ಮಾಡೋಣ ಅಂದೆ. ಅವಳು ಅದನ್ನೇ ಕಲಿತಳು, ಅಚ್ಚುಕಟ್ಟಾಗಿ. ನವರಾತ್ರಿಯಲ್ಲಿ ಅವರ ಮನೆಗೆ ಗೊಂಬೆ ನೋಡಲು ಹೋಗಿದ್ದೆ. ಗೊಂಬೆ ಮುಂದೆ ಕೂತು ಗೀತೆ ನುಡಿಸಿದಳು. ಅವಳ ಅಜ್ಜಿ ಹಾಡು ಬಲ್ಲವರು. ನುಡಿಸಿ ಮುಗಿದ ಮೇಲೆ ಮೆಲ್ಲಗೆ ನನ್ನನ್ನು ಕೇಳಿದರು: ‘ಇದು ಯಾವ ರಾಗ ಅಮ್ಮ?’ ಆ ಪ್ರಶ್ನೆ ನನಗೆ ಇವತ್ತಿಗೂ ಕೇಳಿಸುತ್ತದೆ. ಆ ರಿಷಭವನ್ನು ಅವಳ ಕಿವಿಯಿಂದ ತೆಗೆಯಲು ಪೂರ್ತಿ ಒಂದು ವರ್ಷ ಹಿಡಿಯಿತು. ಬೆರಳು ಬೇಗ ತಿದ್ದಿಕೊಂಡಿತು, ಕಿವಿ ತಿದ್ದಿಕೊಳ್ಳಲಿಲ್ಲ.

ಅವತ್ತಿನಿಂದ ನನ್ನ ಹಾಳೆಗಳಲ್ಲಿ ಬಿಡುವುದು ಉಂಟು, ಬದಲಿಸುವುದು ಇಲ್ಲ. ರಿ ಬರದಿದ್ದರೆ ಆ ಮನೆಯನ್ನು ಖಾಲಿ ಬಿಡಿ. ಮಗು ಅಲ್ಲಿ ಕಮಾನು ನಿಲ್ಲಿಸಿ ರಿ ಅಂತ ಬಾಯಲ್ಲಿ ಹಾಡಲಿ. ಸರಿಯಾದ ರಿ ಕಿವಿಗೆ ಬೀಳುತ್ತಿರುತ್ತದೆ. ಬೆರಳು ಬೆಳೆದಾಗ ಆ ಮನೆ ತುಂಬುತ್ತದೆ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಪಾಶ್ಚಾತ್ಯ ವಯಲಿನ್ ಕಲಿಯುತ್ತಾಳೆ. ಅತ್ತೆಯವರಿಗೆ ಅವಳು ಒಂದಾದರೂ ನಮ್ಮ ಸಂಗೀತದ್ದು ನುಡಿಸಲಿ ಅಂತ ಆಸೆ. ಶ್ರುತಿಯೇ ಬೇರೆ, ಎರಡು ಪಿಟೀಲು ಬೇಕು ಅಂತ ಯಾರೋ ಹೇಳಿದರು. ಹೌದಾ? – ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಬೇಡ ತಾಯಿ, ಒಂದೇ ಸಾಕು. ಅವಳ ಪಿಟೀಲಿನ ತಂತಿಗಳು ದಪ್ಪದಿಂದ ಜಿ, ಡಿ, ಎ, ಇ. ಪಕ್ಕಪಕ್ಕದ ಯಾವ ಎರಡು ತಂತಿ ತೆಗೆದುಕೊಂಡರೂ ಅವುಗಳ ನಡುವೆ ಇರುವುದು ಸ–ಪ ಅಂತರವೇ. ಹಾಗಾಗಿ ನಡುವಿನ ಎರಡು ತಂತಿಯ ಶ್ರುತಿಯನ್ನು ಮುಟ್ಟದೆ ಡಿ ಅನ್ನು ಸ, ಎ ಅನ್ನು ಪ ಅಂದುಕೊಳ್ಳಿ. ಅವಳು ಡಿ ಮೇಜರ್ ಸ್ಕೇಲ್ ಅಂತ ಈಗಾಗಲೇ ನುಡಿಸುತ್ತಿರಬಹುದು. ಅದೇ ಶಂಕರಾಭರಣ ರಾಗದ ಸ್ವರಗಳು, ಅದೇ ಬೆರಳುಗಳು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿ, ಅವಳು ಸ್ಕೇಲ್ ನುಡಿಸುವಾಗ ಅವರು ಸರಿಗಮ ಹೇಳಲಿ. ಇಬ್ಬರಿಗೂ ಆಶ್ಚರ್ಯ ಆಗುತ್ತದೆ.

ಹೊರಗಿನ ಎರಡು ತಂತಿ ಸದ್ಯಕ್ಕೆ ಬಿಡಿ. ಮುಂದೆ ನಾಲ್ಕೂ ಬೇಕು ಅನ್ನಿಸಿದಾಗ ಜಿ ಅನ್ನೇ ಸ ಮಾಡಿ. ದಪ್ಪದ ಎರಡು ತಂತಿ ಇದ್ದ ಹಾಗೇ ಇರಲಿ. ಎ ತಂತಿಯನ್ನು ಜಿ ಗೆ, ಇ ತಂತಿಯನ್ನು ಡಿ ಗೆ ಇಳಿಸಿ. ಒಂದೊಂದು ಪೂರ್ಣ ಸ್ವರ ಸಡಿಲ ಮಾಡುವುದು, ಅಷ್ಟೇ. ಸಡಿಲ ಮಾಡಿದರೆ ತಂತಿ ಹರಿಯುವ ಭಯ ಇಲ್ಲ. ಸ–ಪ–ಸ–ಪ ಬಂತು. ಹಾರ್ಮೋನಿಯಂನಲ್ಲಿ ಬಿಳಿ ಐದು. ಹೆಣ್ಣು ಮಕ್ಕಳ ಕಂಠಕ್ಕೂ ಹೊಂದುವ ಶ್ರುತಿ. ಶಾಲೆಯ ತರಗತಿಗೆ ಹೋಗುವ ದಿನ ಮತ್ತೆ ಏರಿಸಿಕೊಳ್ಳುವುದು ಮರೆಯಬೇಡಿ. ಪದೇ ಪದೇ ಏರಿಸಿ ಇಳಿಸಿ ಮಾಡಿದರೆ ಶ್ರುತಿ ಬೇಗ ನಿಲ್ಲುವುದಿಲ್ಲ. ಹಾಗಾಗಿ ಮೊದಲ ಆರು ತಿಂಗಳು ಎರಡು ತಂತಿಯ ದಾರಿಯೇ ಒಳ್ಳೆಯದು.

ಏನು ನುಡಿಸಬೇಕು ಅಂತಲೂ ಕೇಳಿದ್ದೀರಿ. ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ ಕೊಡಿಸಿ. ಅವರು ಕೇಳಿದ ಯೂರೋಪಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ಪುಟ್ಟ ರಚನೆಗಳು, ಶಂಕರಾಭರಣದ ಸ್ವರಗಳಲ್ಲಿವೆ. ಗಮಕ, ಅಂದರೆ ಸ್ವರವನ್ನು ಅಲುಗಿಸುವುದು, ಇಲ್ಲ, ಸ್ವರ ನೇರ. ನಿಮ್ಮ ಮಗಳ ಕೈಗೆ ಪರಿಚಿತ, ಅತ್ತೆಯವರ ಕಿವಿಗೆ ದೇವರ ಹೆಸರು. ಎರಡು ಸಂಗೀತವನ್ನೂ ಒಟ್ಟಿಗೆ ಪ್ರೀತಿಸುವುದು ನಮ್ಮ ಊರಿಗೆ ಹೊಸದಲ್ಲ. ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು, ಆಮೇಲೆ ಕರ್ನಾಟಕ ಕೃತಿಗಳನ್ನೂ ರಚಿಸಿದರು.

ಪ್ರಶ್ನೆ: ಪಿಟೀಲಿನ ಮೇಲೆ ಬೆರಳಿನ ಜಾಗಕ್ಕೆ ಟೇಪ್ ಅಂಟಿಸಬಹುದಾ? ಎಷ್ಟು? – ಒಬ್ಬ ತಂದೆ, ನಂಜನಗೂಡು

ಒಂದು. ಉಂಗುರದ ಬೆರಳಿಗೆ ಮಾತ್ರ. ಪ ತಂತಿಯಲ್ಲಿ ಆ ಬೆರಳು ಮೇಲಿನ ಸ ಹಿಡಿಯುತ್ತದೆ. ಅದು ಸರಿಯಾಗಿ ಬಿದ್ದರೆ ಪಕ್ಕದ ಬರಿ ಸ ತಂತಿ ಯಾರೂ ಮುಟ್ಟದೆ ತಾನಾಗಿ ನಡುಗುತ್ತದೆ. ಮಗುವಿಗೆ ಅದನ್ನು ತೋರಿಸಿ, ಬಗ್ಗಿ ನೋಡಲಿ. ಬೆರಳು ಕೂದಲೆಳೆಯಷ್ಟು ಆಚೆ ಹೋದರೂ ಆ ನಡುಕ ನಿಲ್ಲುತ್ತದೆ. ಇದು ಗೊತ್ತಾದ ಮೇಲೆ ನನ್ನ ಮಕ್ಕಳೇ ಟೇಪ್ ಕಿತ್ತು ಹಾಕಿದ್ದಾರೆ. ನಾಲ್ಕು ಟೇಪ್ ಅಂಟಿಸಿದರೆ ಮಗು ಕಣ್ಣಲ್ಲಿ ನುಡಿಸುತ್ತದೆ, ಕಿವಿ ನಿದ್ದೆ ಹೋಗುತ್ತದೆ.

ಪ್ರಶ್ನೆ: ನಾನು ಶಾಲೆಯಲ್ಲಿ ಸಂಗೀತ ಶಿಕ್ಷಕ. 14 ಮಕ್ಕಳು ಪಿಟೀಲು ಕಲಿಯುತ್ತಿದ್ದಾರೆ. ಕೆಲವರಿಗೆ ಎರಡು ವರ್ಷ ಆಗಿದೆ, ಕೆಲವರು ಜೂನ್‌ನಲ್ಲಿ ಸೇರಿದವರು. ರಾಜ್ಯೋತ್ಸವಕ್ಕೆ ಎಲ್ಲರನ್ನೂ ಒಟ್ಟಿಗೆ ವೇದಿಕೆ ಮೇಲೆ ಕೂರಿಸಬೇಕು ಅಂತ ಆಸೆ. ಸಿನಿಮಾ ಹಾಡು ಬರೆದುಕೊಟ್ಟರೆ ಕಾನೂನಿನ ತೊಂದರೆ ಇದೆಯಾ? – ಶಿಕ್ಷಕರು, ಮಂಡ್ಯ ಜಿಲ್ಲೆ

ಎಲ್ಲರನ್ನೂ ಕೂರಿಸಬೇಕು ಅಂದಿರಿ ನೋಡಿ, ಅದು ನನಗೆ ತುಂಬಾ ಇಷ್ಟ ಆಯಿತು. ಚೆನ್ನಾಗಿ ನುಡಿಸುವ ನಾಲ್ಕು ಜನರನ್ನು ಮುಂದೆ ಕೂರಿಸಿ ಉಳಿದವರಿಗೆ ಚಪ್ಪಾಳೆ ತಟ್ಟಲು ಹೇಳುವುದನ್ನು ಬಹಳ ಕಡೆ ಕಂಡಿದ್ದೇನೆ. ಜೂನ್‌ನಲ್ಲಿ ಸೇರಿದ ಮಗು ಜನವರಿಗೆ ಬಿಟ್ಟುಹೋಗುವುದು ಅದರಿಂದಲೇ.

ಮೂರು ಸಾಲು ಬರೆಯಿರಿ. ಹೊಸಬರಿಗೆ ನೆಲದ ಸಾಲು: ಬರಿ ತಂತಿ ಮಾತ್ರ, ಸ ಮತ್ತು ಪ. ಆದಿ ತಾಳ ಆದರೆ ಲಘುವಿಗೆ, ಅಂದರೆ ಮೊದಲ ನಾಲ್ಕು ಎಣಿಕೆಗೆ, ಒಂದು ಉದ್ದ ಸ, ಉಳಿದ ನಾಲ್ಕರ ಎರಡು ದ್ರುತಕ್ಕೆ ಒಂದು ಉದ್ದ ಪ. ಕಮಾನು ಈ ತುದಿಯಿಂದ ಆ ತುದಿಗೆ ಹೋಗಬೇಕು. ಸುಲಭ ಅಂದುಕೊಳ್ಳಬೇಡಿ. ಕಮಾನನ್ನು ನಾಲ್ಕು ಅಕ್ಷರ ಪೂರ್ತಿ ಒಂದೇ ಸಮ ಎಳೆಯುವುದು ಎರಡು ವರ್ಷ ಕಲಿತವರಿಗೂ ಬರುವುದಿಲ್ಲ. ನಡುವಿನವರಿಗೆ ಹಾಡಿನ ಮುಖ್ಯ ಸ್ವರಗಳು ಮಾತ್ರ, ತಾಳದ ಪ್ರತಿ ಅಂಗದ (ಲಘು, ದ್ರುತ) ಮೊದಲ ಸ್ವರ ಹಿಡಿದು ನಿಲ್ಲುವುದು. ದೊಡ್ಡವರಿಗೆ ಪೂರ್ತಿ ಹಾಡು. ಮೂವರಿಗೂ ಒಂದೇ ಚೌಕುಳಿ, ಒಂದರ ಕೆಳಗೆ ಒಂದು. ಆಗ ಹೊಸ ಮಗು ಮೇಲಿನ ಸಾಲನ್ನೂ ನೋಡುತ್ತಿರುತ್ತದೆ. ಮುಂದಿನ ವರ್ಷ ಅಲ್ಲಿಗೆ ತಾನೇ ಏರುತ್ತದೆ.

ಕೀಬೋರ್ಡಿನವರನ್ನು ಕರೆದು ಕಾರ್ಡ್ಸ್, ಅಂದರೆ ಕೆಲವು ಸ್ವರ ಒಟ್ಟಿಗೆ ಒತ್ತುವುದು, ಹಾಕಿಸೋಣ ಅಂತ ಯಾರಾದರೂ ಹೇಳಬಹುದು. ಸಿನಿಮಾ ಹಾಡಿಗೆ ಹಾಕಿಸಿ, ಅದು ಅದರ ಗುಣ. ಗೀತೆಗೆ, ದೇವರನಾಮಕ್ಕೆ ಬೇಡ. ರಾಗದಲ್ಲಿ ಇಲ್ಲದ ಸ್ವರ ಅದರ ಮೂಲಕ ಒಳಗೆ ಬರುತ್ತದೆ. ಬದಲಿಸಬಾರದು ಅಂತ ಮೇಲೆ ಹೇಳಿದ್ದು ಇಲ್ಲಿಗೂ ಸೇರಿತು.

ಈಗ ಕಾನೂನು. ನಮ್ಮ ದೇಶದಲ್ಲಿ ಹಾಡಿನ ಮೇಲೆ ಹಕ್ಕು, ಅಂದರೆ ಕಾಪಿರೈಟ್, ಇರುವುದು ಬರೆದವರು ತೀರಿಕೊಂಡ ಮೇಲೆ 60 ವರ್ಷದವರೆಗೆ. ಮುಂದಿನ ಜನವರಿಯಿಂದ ಎಣಿಸುತ್ತಾರೆ. ದಾಸರ ಪದಗಳ ಬಗ್ಗೆ ಯೋಚನೆಯೇ ಬೇಡ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅವರ ಕೃತಿಗಳು 2022ರಿಂದ ಎಲ್ಲರವು. ಜಯಚಾಮರಾಜ ಒಡೆಯರು 1974ರಲ್ಲಿ ಹೋದರು, ಅವರ ಕೃತಿಗಳಿಗೆ 2034ರ ಕೊನೆಯವರೆಗೂ ಹಕ್ಕು ಉಂಟು. ಸಿನಿಮಾ ಹಾಡಿನಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ಎರಡನ್ನೂ ನೋಡಬೇಕು.

ಆದರೆ ಹೆದರಬೇಡಿ. ತರಗತಿಯಲ್ಲಿ ಕಲಿಸಲು ಬರೆದುಕೊಡುವುದಕ್ಕೆ ಕಾನೂನೇ ಅವಕಾಶ ಕೊಟ್ಟಿದೆ. ಶಾಲೆಯ ಮಕ್ಕಳು, ಶಿಕ್ಷಕರು, ತಂದೆತಾಯಿ ಇಷ್ಟೇ ಜನರ ಮುಂದೆ ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳು ನುಡಿಸುವುದಕ್ಕೂ ಇದೆ. ಅದನ್ನು ಪುಸ್ತಕ ಮಾಡಿ ಮಾರುವುದು, ಯೂಟ್ಯೂಬ್‌ಗೆ ಹಾಕುವುದು ಬೇರೆ ವಿಷಯ. ಅದಕ್ಕೆ ಅನುಮತಿ ಬೇಕು. ಇನ್ನೊಂದು: ದಾಸರ ಪದ ಎಲ್ಲರದು ಅಂತ ಯಾರೋ ಕಷ್ಟಪಟ್ಟು ಸ್ವರ ಹಾಕಿ ಅಚ್ಚು ಮಾಡಿಸಿದ ಇತ್ತೀಚಿನ ಪುಸ್ತಕವನ್ನು ಹಾಗೇ ಜೆರಾಕ್ಸ್ ಮಾಡಿ ಹಂಚಬಾರದು. ಪದ ಕೇಳಿ, ನೀವೇ ಸ್ವರ ಹಾಕಿ. ನಿಮ್ಮ ಕಿವಿಗೂ ಒಳ್ಳೆಯದು.

ಮೈಕ್ ಬಗ್ಗೆಯೂ ಕೇಳಿದ್ದೀರಿ. 14 ಪಿಟೀಲಿಗೆ ಒಂದೊಂದು ಮೈಕ್ ಸಿಗುವುದಿಲ್ಲ. ಅರ್ಧ ಚಂದ್ರದ ಹಾಗೆ ಕೂರಿಸಿ, ಎರಡು ಮೈಕ್ ಎತ್ತರಕ್ಕೆ ಕಟ್ಟಿಸಿ. ನಮ್ಮ ತಿರುಮಕೂಡಲಿನ ಚೌಡಯ್ಯನವರ ಕಾಲದಲ್ಲಿ ಮೈಕ್ ಇಲ್ಲದ ಸಭೆಗಳೇ ಜಾಸ್ತಿ. ಹಿಂದೆ ಕೂತವರಿಗೂ ಕೇಳಿಸಲಿ ಅಂತ ಅವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ನಿಮ್ಮ ಹತ್ತಿರ 56 ತಂತಿ ಇವೆ. ಎಲ್ಲವೂ ಒಂದೇ ಶ್ರುತಿಯಲ್ಲಿದ್ದರೆ ಮೈದಾನದ ಗೇಟಿನವರೆಗೂ ಕೇಳಿಸುತ್ತದೆ. ಅರ್ಧ ಅಳತೆಯ, ಮುಕ್ಕಾಲು ಅಳತೆಯ ಪಿಟೀಲನ್ನೂ ದೊಡ್ಡದರ ಶ್ರುತಿಗೇ ಕೂಡಿಸಬಹುದು. ಶ್ರುತಿ ಮಾಡುವುದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಮಕ್ಕಳ ಕೈಗೆ ಕೊಟ್ಟ ಮೇಲೆ ಇನ್ನೊಂದು ಸಲ ನೋಡಿ, ಬಿರಡೆ ತಿರುಗಿಸಿಯೇ ಇರುತ್ತಾರೆ.

ಪ್ರಶ್ನೆ: ಮಗಳು ವೀಣೆ ಕಲಿಯುತ್ತಿದ್ದಾಳೆ. ಪಿಟೀಲಿನ ಹಾಳೆ ವೀಣೆಗೂ ಆಗುತ್ತದಾ? – ಶ್ರೀರಂಗಪಟ್ಟಣ

ಚೌಕುಳಿ ಆಗುತ್ತದೆ, ಬೆರಳಿನ ಗುರುತು ಆಗುವುದಿಲ್ಲ. ವೀಣೆಯಲ್ಲಿ ಒಂದೇ ತಂತಿಯಲ್ಲಿ ಪೂರ್ತಿ ಸ್ಥಾಯಿ ನಡೆದು ಹೋಗುತ್ತೇವೆ. 24 ಮೆಟ್ಟಿಲು, ಸ್ಥಾಯಿಗೆ ಹನ್ನೆರಡರಂತೆ. ಮಲಹರಿಗೆ ಬರಿ ತಂತಿ ಸ, 1ನೇ ಮೆಟ್ಟಿಲು ರಿ, 5 ಮ, 7 ಪ, 8 ದ, 12 ಮೇಲಿನ ಸ. ಇಳಿಯುವಾಗ 4ರಲ್ಲಿ ಗ ಸಿಗುತ್ತದೆ. ನೋಡಿ, 1ರಿಂದ 5ಕ್ಕೆ ಎಷ್ಟು ದೂರ! ಪಿಟೀಲಿನ ಮಗುವಿಗೆ ಕಿರುಬೆರಳು ಕಷ್ಟ, ವೀಣೆಯ ಮಗುವಿಗೆ ಈ ಜಿಗಿತ ಕಷ್ಟ. ಹಾಗಾಗಿ ವೀಣೆಯ ಮೊದಲ ಹಾಳೆ ರಿ–ಮ, ರಿ–ಮ ಅಂತ ಜಿಗಿಯುವುದಕ್ಕೇ ಮೀಸಲಿಡಿ. ಮೆಟ್ಟಿಲಿನ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದು ಒಂದು ವಾರಕ್ಕೆ ಅಳಿಸಿಬಿಡಿ. ಇಲ್ಲದಿದ್ದರೆ ಮಗು ಸ್ವರ ಹೇಳುವುದು ಬಿಟ್ಟು ಮಗ್ಗಿ ಹೇಳುತ್ತಾ ಕೂರುತ್ತದೆ.

ಪ್ರಶ್ನೆ: ಗೀತೆಗೆ ಮುಂಚೆ ಸಣ್ಣ ಹಾಡುಗಳನ್ನು ನಾವೇ ಕಟ್ಟಬಹುದಾ? ಸ್ವರ ಗೊತ್ತು, ಆದರೆ ಧೈರ್ಯ ಇಲ್ಲ. – ಶಿಕ್ಷಕಿ, ಹೆಬ್ಬಾಳ, ಮೈಸೂರು

ಕಟ್ಟಿ. ಇದು ದೊಡ್ಡ ವಾಗ್ಗೇಯಕಾರರ ಕೆಲಸ ಅಲ್ಲ, ಮಗುವಿಗೆ ತುತ್ತು ಕಲಸಿ ಕೊಡುವ ಕೆಲಸ. ನಾನು ಮೋಹನ ರಾಗದ ಸ್ವರ ತೆಗೆದುಕೊಳ್ಳುತ್ತೇನೆ. ಅಲ್ಲಿ ರಿ ಚತುಶ್ರುತಿ, ತೋರುಬೆರಳು ಸಹಜವಾಗಿ ಬೀಳುವ ಕಡೆಯೇ ಇದೆ. ಮ ಇಲ್ಲ, ನಿ ಇಲ್ಲ. ಸ ರಿ ಗ, ಆಮೇಲೆ ಪಕ್ಕದ ಬರಿ ತಂತಿ ಪ. ಎರಡೇ ಬೆರಳಿನಲ್ಲಿ ನಾಲ್ಕು ಸ್ವರ.

ದೇವರಾಜ ಮಾರುಕಟ್ಟೆಯ ಹೂವಿನ ಸಾಲು ನನ್ನ ಮಕ್ಕಳಿಗೆಲ್ಲ ಗೊತ್ತು. ಅದರ ಮೇಲೆ ಒಂದು ಕಟ್ಟಿದೆವು:

ಮಲ್ಲಿಗೆ ಮೊಳ ಎಷ್ಟಮ್ಮ
ಸಂಜೆಗೆ ಪೂಜೆ ಬೇಗಮ್ಮ

ಮೊದಲ ಸಾಲು ಸ ಸ ರಿ ರಿ, ಗ ಗ, ಪ ಪ. ಎರಡನೆಯದು ಪ ಪ ಗ ಗ, ರಿ ರಿ, ಸ ಸ. ಒಂದೊಂದು ಸಾಲು ಒಂದು ಆದಿ ತಾಳ. ಮನೆಗೆ ಒಂದು ಅಕ್ಷರ, ಒಂದು ಕಮಾನು. ಎಳೆಯುವುದಕ್ಕೆ ಕೆಳಗೆ ಬಾಣ, ತಳ್ಳುವುದಕ್ಕೆ ಮೇಲೆ ಬಾಣ. ‘ಬೇಗಮ್ಮ’ ಬಂದ ಕೂಡಲೇ ಎಲ್ಲರೂ ಓಡುತ್ತಾರೆ, ಅಲ್ಲೇ ಕಾಲಪ್ರಮಾಣದ ಪಾಠವೂ ಆಗುತ್ತದೆ. ಮಾತು ಮಕ್ಕಳದೇ ಇರಲಿ. ನಮ್ಮ ತರಗತಿಯಲ್ಲಿ ನಂಜನಗೂಡು ರಸಬಾಳೆ ಮೇಲೆ ಒಂದಿದೆ, ಮೃಗಾಲಯದ ಜಿರಾಫೆ ಮೇಲೆ ಒಂದಿದೆ. ತಾವೇ ಮಾತು ಕೊಟ್ಟ ಹಾಡನ್ನು ಅಭ್ಯಾಸ ಮಾಡು ಅಂತ ಯಾರೂ ಹೇಳಬೇಕಾಗಿಲ್ಲ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಸ್ವರ ಟೈಪ್ ಮಾಡಿದರೆ ಮೇಲಿನ ಚುಕ್ಕಿ, ಕೆಳಗಿನ ಚುಕ್ಕಿ ಎಲ್ಲೆಲ್ಲೋ ಹೋಗುತ್ತವೆ. ಏನು ಮಾಡುವುದು? – ಮೈಸೂರು

ಕೈಯಲ್ಲಿ ಬರೆಯಿರಿ. ನಿಜವಾಗಿ ಹೇಳುತ್ತಿದ್ದೇನೆ. ಒಂದೇ ಒಂದು ಸಲ ಕಪ್ಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದರೆ ಜೆರಾಕ್ಸ್ ಅಂಗಡಿ ಉಳಿದದ್ದು ನೋಡಿಕೊಳ್ಳುತ್ತದೆ. ಟೈಪೇ ಬೇಕು ಅಂದರೆ ಎಕ್ಸೆಲ್‌ನಲ್ಲಿ ಮನೆ ಮಾಡಿ, ಮನೆಗೊಂದು ಸ್ವರ ಹಾಕಿ. ಚುಕ್ಕಿಯ ಬದಲು ಮನೆಗೆ ಬಣ್ಣ ಕೊಡಿ: ಮೇಲಿನ ಸ್ಥಾಯಿ ತಾರಕ್ಕೆ ಒಂದು, ಕೆಳಗಿನ ಮಂದ್ರಕ್ಕೆ ಒಂದು. ಅಕ್ಷರ ಮಾತ್ರ ಅರ್ಧ ಇಂಚಾದರೂ ಇರಲಿ. ನಮ್ಮ ಪದ್ಧತಿಯಲ್ಲಿ ಮಗು ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಪಾದದ ಮೇಲೆ ಇಟ್ಟುಕೊಂಡಿರುತ್ತದೆ. ಹಾಳೆ ವ್ಯಾಸಪೀಠದ ಮೇಲೆ, ಮೂರು ಅಡಿ ಆಚೆ. ಸಣ್ಣ ಅಕ್ಷರ ಆದರೆ ಬಗ್ಗುತ್ತದೆ. ಬಗ್ಗಿದರೆ ಪಿಟೀಲು ಜಾರುತ್ತದೆ. ಎಷ್ಟೋ ಸಲ ಕೂರುವ ಭಂಗಿ ಸರಿ ಇಲ್ಲ ಅಂತ ಮಗುವನ್ನು ಬೈಯುತ್ತೇವೆ, ತಪ್ಪು ಹಾಳೆಯದ್ದು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ನುಡಿಸಿ ಕಳಿಸುತ್ತೇನೆ, ಆದರೂ ಮಕ್ಕಳು ತಾಳ ತಪ್ಪುತ್ತಾರೆ. – ಶಿಕ್ಷಕಿ, ಮದ್ದೂರು

ನೀವು ನುಡಿಸುವ ವೇಗಕ್ಕೆ ನುಡಿಸಿ ಕಳಿಸುತ್ತಿದ್ದೀರಿ ಅಂತ ಕಾಣುತ್ತದೆ. ತಂಬೂರಿ ಹಾಕಿ, ಒಂದು ಆವರ್ತ ಬರೀ ತಾಳ ಹಾಕಿ, ಆಮೇಲೆ ನುಡಿಸಿ. ನಿಮಿಷಕ್ಕೆ 40 ಎಣಿಕೆ ಇರಲಿ. ನಿಮಗೆ ನಿದ್ದೆ ಬರುವಷ್ಟು ನಿಧಾನ ಅನ್ನಿಸುತ್ತದೆ, ಮಗುವಿಗೆ ಅದೇ ಸರಿ. ಒಂದು ಆವರ್ತ ನುಡಿಸಿ, ಒಂದು ಆವರ್ತ ಖಾಲಿ ಬಿಡಿ. ತಂಬೂರಿ, ತಾಳ ಮಾತ್ರ ಓಡುತ್ತಿರಲಿ, ಆ ಜಾಗದಲ್ಲಿ ಮಗು ನುಡಿಸಬೇಕು. ಒಂದು ಧ್ವನಿಮುದ್ರಣ ಎರಡು ನಿಮಿಷ ಮೀರದಿರಲಿ. ಮಗುವಿನ ಪಿಟೀಲಿನ ಶ್ರುತಿಗೇ ನುಡಿಸಿ ಕಳಿಸಿ, ನಿಮ್ಮ ಕಛೇರಿ ಶ್ರುತಿಗೆ ಅಲ್ಲ.

ಪ್ರಶ್ನೆ: ನನಗೆ 61. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪಿಟೀಲು ಹಿಡಿದೆ. ಬಣ್ಣದ ಹಾಳೆ ಇಟ್ಟುಕೊಂಡು ನುಡಿಸಲು ಮೊಮ್ಮಕ್ಕಳ ಮುಂದೆ ಸಂಕೋಚ. ನೇರವಾಗಿ ಮುಂದಿನ ಹಂತದ ವರ್ಣಗಳ ಪಾಠಕ್ಕೆ ಹೋಗುವ ದಾರಿ ಇದೆಯಾ? – ಗೋಕುಲಂ, ಮೈಸೂರು

ಇಲ್ಲ ಸರ್. ನಿಮ್ಮ ಕಿವಿ ವರ್ಣಕ್ಕೆ ಸಿದ್ಧ ಇದೆ, ಎಂಟನೇ ಕ್ರಾಸ್ ಗಣೇಶೋತ್ಸವದ ಕಛೇರಿಗಳನ್ನು ನಲವತ್ತು ವರ್ಷ ಕೇಳಿದ್ದೀರಿ ಅಂತ ಬರೆದಿದ್ದೀರಿ. ಬೆರಳು ಸಿದ್ಧ ಇಲ್ಲ. ಕಿವಿ ಮುಂದೆ ಓಡಿ ಬೆರಳು ಹಿಂದೆ ಉಳಿದಾಗ ಆಗುವ ಬೇಸರ ಚಿಕ್ಕ ಮಕ್ಕಳಿಗಿಂತ ನಿಮ್ಮ ವಯಸ್ಸಿನವರಿಗೆ ಜಾಸ್ತಿ. ಹತ್ತಾರು ಜನ ಅದರಿಂದಲೇ ಪೆಟ್ಟಿಗೆ ಮುಚ್ಚಿಟ್ಟಿದ್ದನ್ನು ನೋಡಿದ್ದೇನೆ. ನೀವು ಮುಚ್ಚಬೇಡಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಮೊದಲ ಮೂರು ತಿಂಗಳು ಬೇಡ, ಹೆಬ್ಬೆರಳು ಬಿಗಿಯುತ್ತದೆ. ಹಾಳೆ ಅದೇ ಇರಲಿ. ಬಣ್ಣ ತುಂಬುವ ಕೆಲಸ ಮೊಮ್ಮಕ್ಕಳಿಗೆ ಕೊಡಿ. ಕೆಂಪು ಯಾವ ತಂತಿ, ನೀಲಿ ಯಾವ ತಂತಿ ಅಂತ ಅವರೇ ನಿಮ್ಮನ್ನು ಕೇಳುತ್ತಾರೆ, ನೀವು ನುಡಿಸಿ ತೋರಿಸಿ.